ಮಾವಿನ ಮರದ ಅಡುಗೆಮನೆಗಳು

ಪರವಾನಗಿಯಿಲ್ಲದೆ ಅಡುಗೆಮನೆ ನಡೆಸುವುದು ಅಪರಾಧ. ನಡೆಸುತ್ತಿರುವುದು ಮಾವಿನ ಮರವಾದರೂ ಅಪರಾಧ ಅಪರಾಧವೇ. ಕಾನೂನಿನ ಮುಂದೆ ಎಲ್ಲರೂ ಸಮಾನರು, ಸೊಪ್ಪುಸದೆಯೂ ಸೇರಿದಂತೆ.

ಎರಡನೇ ತರಗತಿಯ ಟೀಚರಿಗೆ ಇದು ತಡವಾಗಿ ಗೊತ್ತಾಯಿತು. ಶಾಲೆಯ ಅಂಗಳದ ಮಾವಿನ ಮರದಡಿಯೇ ಅವರ ತರಗತಿ. ಇದ್ದ ಕೋಣೆಯನ್ನು ಮುರಿದ ಬೆಂಚುಗಳಿಗೆ ಬಿಟ್ಟುಕೊಟ್ಟು, ಇನ್ನೂ ಮುರಿಯದ ಮಕ್ಕಳನ್ನು ನೆರಳಿಗೆ ಕಳಿಸಲಾಗಿತ್ತು. ಅಂದು ವಿಜ್ಞಾನದ ಪಾಠ. "ಎಲೆಯೇ ಸಸ್ಯದ ಅಡುಗೆಮನೆ" ಎಂದು ಟೀಚರ್ ಹೇಳಿಕೊಟ್ಟರು. ಮಕ್ಕಳು ಗಂಟಲು ಹರಿಯುವಂತೆ ಅದನ್ನೇ ಕೂಗಿದರು. ಗೇಟಿನಾಚೆ ಹೋಗುತ್ತಿದ್ದ ಸ್ಕೂಟರೊಂದು ಗಕ್ಕನೆ ನಿಂತಿತು. ಅದರ ಮೇಲಿದ್ದವರು ಅಡುಗೆಮನೆ ತಪಾಸಣಾ ಇಲಾಖೆಯ ಇನ್ಸ್‌ಪೆಕ್ಟರು.

"ಒಟ್ಟು ಎಷ್ಟು ಅಡುಗೆಮನೆ ಇವೆ ಇಲ್ಲಿ?" ಎಂದು ಕೇಳುತ್ತಲೇ ಒಳಗೆ ಬಂದರು.

ಟೀಚರ್ ತಲೆ ಎತ್ತಿ ಮರ ನೋಡಿದರು. "ಎಣಿಸಿಲ್ಲ ಸಾರ್."

"ಎಣಿಸೇ ಇಲ್ಲ. ಅಡುಗೆಯವರು ಯಾರು?"

"ಪತ್ರಹರಿತ್ತು ಅಂತ."

"ತಂದೆ ಹೆಸರು?"

"ಅಯ್ಯೋ, ಅದು ಮನುಷ್ಯ ಅಲ್ಲ ಸಾರ್. ಎಲೆಯೊಳಗಿರೋ ಹಸಿರು ಬಣ್ಣ."

"ಊಟಕ್ಕೆ ಬಣ್ಣ ಬೇರೆ ಹಾಕ್ತೀರಾ?" ಅದು ಇನ್ನೊಂದು ಕಲಮಿನ ಕೆಳಗೆ ಬರುವ ಅಪರಾಧ. "ಒಲೆ ಎಲ್ಲಿ?"

"ಒಲೆ ಇಲ್ಲ. ಬಿಸಿಲಲ್ಲೇ ಮಾಡ್ಕೊಳ್ಳುತ್ತೆ."

"ಬಿಸಿಲಿನ ಕನೆಕ್ಷನ್ ಯಾರ ಹೆಸರಲ್ಲಿದೆ?"

ಟೀಚರ್, ಸ್ಕೂಟರ್ ಕಂಡು ಹೊರಬಂದಿದ್ದ ಹೆಡ್‌ಮಾಸ್ಟರ ಮುಖ ನೋಡಿದರು. ಹೆಡ್‌ಮಾಸ್ಟರು ಆಕಾಶ ನೋಡಿದರು. ಅಲ್ಲೂ ಯಾರೂ ಜವಾಬ್ದಾರಿ ಹೊರುವಂತೆ ಕಾಣಲಿಲ್ಲ.

ಮರುದಿನ ಕಾಂಡದ ಮೇಲೆ ಪ್ರಕಟಣೆ ಅಂಟಿತು:

"ಸದರಿ ಆವರಣದಲ್ಲಿ ಒಂದೇ ಕಾಂಡದ ಮೇಲೆ ಅಸಂಖ್ಯಾತ ಅಡುಗೆಮನೆಗಳು ಬಹಿರಂಗವಾಗಿ ನೇತಾಡುತ್ತಿರುವುದು ಕಂಡುಬಂದಿರುತ್ತದೆ. ಕೆಲವು ಅಡುಗೆಮನೆಗಳು ಗಾಳಿಗೆ ಉದುರಿ ಸಾರ್ವಜನಿಕ ರಸ್ತೆಯನ್ನು ಒತ್ತುವರಿ ಮಾಡಿರುತ್ತವೆ. ಆದಕಾರಣ ಸೋಮವಾರದಂದು ಮರವನ್ನು ಬುಡಸಮೇತ ತೆರವುಗೊಳಿಸಲಾಗುವುದು. ಅಲ್ಲಿಯವರೆಗೆ ಮರವು ಅಡುಗೆ ಮಾಡತಕ್ಕದ್ದಲ್ಲ."

ಮರ ಹೋದರೆ ಮಕ್ಕಳಿಗೆ ಬಟ್ಟಬಯಲೇ ಗತಿ. ರಾತ್ರಿ ಟೀಚರ್ ಮನೆಯಲ್ಲಿ ಊಟಕ್ಕೆ ಕೂತಾಗ ಎಲ್ಲ ಹೇಳಿಕೊಂಡರು.

"ಎಲೆ ಅಂದ್ರೆ ಎಲೆ ಅಂದ್ಬಿಟ್ಟು ಸುಮ್ನಿರಬಾರದಿತ್ತಾ ನೀನು?" ಎಂದರು ಅತ್ತೆ.

"ಪುಸ್ತಕದಲ್ಲಿ ಹಾಗೇ ಇದೆ ಅತ್ತೆ."

"ಪುಸ್ತಕದಲ್ಲಿ ಇದೆ ಅಂತ ಯಾರಾದ್ರೂ ಪಾಠ ಮಾಡ್ತಾರೇನೇ?"

ಸೋಮವಾರ ಗರಗಸದವರು ಬಂದರು. ಹಿಂದೆಯೇ ಇನ್ಸ್‌ಪೆಕ್ಟರೂ ಬಂದರು, ಏಕೆಂದರೆ ಯಾವ ಅಡುಗೆಮನೆಯನ್ನೇ ಕೆಡವಲಿ, ಮೊದಲು ಅಲ್ಲಿ ತಯಾರಾದ ಆಹಾರದ ಸ್ಯಾಂಪಲ್ ತೆಗೆಯಬೇಕೆಂಬುದು ನಿಯಮ.

"ಮಾಡಿಟ್ಟ ಅಡುಗೆ ಎಲ್ಲಿದೆಯಮ್ಮಾ?"

ಟೀಚರ್ ಕೊಂಬೆಯತ್ತ ಕೈ ತೋರಿಸಿದರು. "ಹಣ್ಣಲ್ಲಿ ತುಂಬಿಟ್ಟಿರುತ್ತೆ ಸಾರ್."

ಇನ್ಸ್‌ಪೆಕ್ಟರು ಒಂದು ಸ್ಯಾಂಪಲ್ ಕಿತ್ತು ಅಲ್ಲೇ ಪರೀಕ್ಷಿಸಿದರು. ಮೊದಲ ಪರೀಕ್ಷೆ ಸರಿಯಾಗಿತ್ತೇ ಎಂದು ತಿಳಿಯಲು ಎರಡನೆಯದನ್ನು ಪರೀಕ್ಷಿಸಿದರು. ರಸ ಮೊಣಕೈವರೆಗೂ ಇಳಿಯಿತು. ಮೇಲಧಿಕಾರಿಗಳ ಅವಗಾಹನೆಗೆಂದು ಚೀಲ ತುಂಬತೊಡಗಿದಾಗ ಗರಗಸದ ಹಲ್ಲು ಕಾಂಡಕ್ಕೆ ತಾಗಿತ್ತು.

"ಒಂದು ಮಾತು ಸಾರ್," ಎಂದರು ಟೀಚರ್, ಚೀಲದ ಬಾಯಿ ಹಿಡಿದುಕೊಡುತ್ತಾ. "ಇದನ್ನ ಕಡಿದ ಮೇಲೆ ಮುಂದಿನ ವರ್ಷದ ಸ್ಯಾಂಪಲ್ಲಿಗೆ ಎಲ್ಲಿಗೆ ಹೋಗ್ತೀರಿ?"

ಇನ್ಸ್‌ಪೆಕ್ಟರು ವಾಟೆ ಚೀಪುವುದನ್ನು ನಿಲ್ಲಿಸಿದರು. ಇಲಾಖೆಯ ಭವಿಷ್ಯ ಅವರ ಕಣ್ಮುಂದೆ ಹಾದುಹೋಯಿತು.

"ಏಯ್, ಗರಗಸ ತೆಗೀರ್ರೀ. ಸ್ಯಾಂಪಲ್ ಮೇಲೆ ಪುಡಿ ಬೀಳ್ತಿದೆ."

ಮರಕ್ಕೆ ಪರವಾನಗಿ ಮಂಜೂರಾಯಿತು. ಷರತ್ತುಗಳು ಕಟ್ಟುನಿಟ್ಟು. ಸೂರ್ಯಾಸ್ತದ ನಂತರ ಅಡುಗೆ ನಿಷಿದ್ಧ. ಪೂರ್ವಾನುಮತಿಯಿಲ್ಲದೆ ಚಿಗುರುವುದು ಅನಧಿಕೃತ ವಿಸ್ತರಣೆ. ಇಲಾಖೆ ರುಚಿ ನೋಡುವ ಮುನ್ನ ಅಳಿಲುಗಳು ರುಚಿ ನೋಡತಕ್ಕದ್ದಲ್ಲ. ಮೊದಲ ಷರತ್ತನ್ನು ಮರವು ಅದೇ ಸಂಜೆಯಿಂದ ಚಾಚೂ ತಪ್ಪದೆ ಪಾಲಿಸಿತೆಂದು ಇನ್ಸ್‌ಪೆಕ್ಟರು ವರದಿ ಕಳಿಸಿ ಬಡ್ತಿ ಪಡೆದರು. ಟೀಚರ್ ನೆರಳಲ್ಲಿ ಪಾಠ ಮುಂದುವರಿಸಿದರು. ಚಿಗುರು ಕಂಡಾಗ ಮಾತ್ರ ಎದ್ದುಹೋಗಿ ಅರ್ಜಿ ಬರೆಯುತ್ತಿದ್ದರು.

ಪರೀಕ್ಷೆಯಲ್ಲಿ ಪ್ರಶ್ನೆ ಬಂತು: ಸಸ್ಯ ಬೆಳೆಯಲು ಏನೇನು ಬೇಕು? ಇಡೀ ತರಗತಿ ಬರೆಯಿತು: ನೀರು, ಗಾಳಿ, ಬೆಳಕು, ಪರವಾನಗಿ. ಒಬ್ಬ ಹುಡುಗಿ ಮಾತ್ರ ಬೆಳಕಿಗೇ ನಿಲ್ಲಿಸಿದ್ದಳು. ಟೀಚರ ಕೆಂಪು ಪೆನ್ನು ಸ್ವಲ್ಪ ಹೊತ್ತು ಗಾಳಿಯಲ್ಲೇ ನಿಂತಿತು. ಆಮೇಲೆ ಮೇಲೆ ತೂಗುತ್ತಿದ್ದ ಎಲೆಗಳನ್ನು ನೋಡಿ, ಅರ್ಧ ಅಂಕ ಕಳೆದರು.

ಮರುದಿನ ಹುಡುಗಿಯ ಅಪ್ಪ ಉತ್ತರಪತ್ರಿಕೆ ಹಿಡಿದು ಬಂದರು. ಟೀಚರ್ ಜಗಳಕ್ಕೆ ಸಿದ್ಧರಾಗಿ ಸೆರಗು ಬಿಗಿದುಕೊಂಡರು.

"ನೀವು ಕಳೆದಿದ್ದು ಸರಿಯಾಗೇ ಇದೆ ಟೀಚರ್," ಎಂದರು ಅಪ್ಪ. "ಮನೇಲೂ ಹೇಳಿಕೊಟ್ಟಿದ್ವಿ, ಆತುರದಲ್ಲಿ ಬಿಟ್ಟಿದ್ದಾಳೆ." ಆಮೇಲೆ ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಮ್ಮ ಬಾಲ್ಕನೀಲಿ ಒಂದು ಗುಲಾಬಿ ಕುಂಡ ಇದೆ. ಅದಕ್ಕೂ ಪರವಾನಗಿ ಮಾಡಿಸ್ಬೇಕಿತ್ತು. ಹಣ್ಣು ಗಿಣ್ಣು ಏನೂ ಬಿಡಲ್ಲ ಅದು. ಸಿಗುತ್ತಾ?"

"ಕಷ್ಟ," ಎಂದರು ಟೀಚರ್.