ಒಂದು ವಾಷರ್ ಕಡಿಮೆ

ಅವಳ ಪಾಲಿಗೆ ಜಗತ್ತಿನ ವಸ್ತುಗಳೆಲ್ಲ ಎರಡೇ ಜಾತಿ: ಮಗುವಿನ ಬಾಯಿಯೊಳಗೆ ಹೋಗುವಂಥವು, ಹೋಗದಂಥವು. ಮಗಳು ಅಂಬೆಗಾಲಿಟ್ಟ ದಿನವೇ ಮೊದಲ ಜಾತಿಯವೆಲ್ಲ ಗಡೀಪಾರಾಗಿ ಅಟ್ಟ ಸೇರಿದ್ದವು. ಗುಂಡಿ, ಪಿನ್ನು, ಪೆನ್ನಿನ ಮುಚ್ಚಳ, ಕೊನೆಗೆ ಗಂಡನ ಚದುರಂಗದ ಕಾಲಾಳುಗಳೂ! ಇಷ್ಟಾದರೂ ಕಣ್ಣು ಮುಚ್ಚಿದರೆ ಸಾಕು, ಎಲ್ಲೋ ಏನೋ ಉರುಳಿದಂತೆ ಕೇಳಿಸುತ್ತಿತ್ತು.

"ನಿನಗೆ ಭಯಲಕ್ಷ್ಮಿ ಅಂತ ಹೆಸರಿಡ್ಬೇಕಿತ್ತು ಕಣೇ," ಎನ್ನುತ್ತಿದ್ದ ಗಂಡ.

ಅತ್ತೆ ಇನ್ನೂ ಒಂದು ಹೆಜ್ಜೆ ಮುಂದೆ. "ನೀನು ಮಗು ಸಾಕ್ತಿಲ್ಲಮ್ಮ, ಖಜಾನೆ ಕಾವಲು ಕಾಯ್ತಿದೀಯ," ಎಂದುಬಿಟ್ಟಿದ್ದರು. ಆ ಮಾತು ಕೇಳಿದಂದಿನಿಂದ ಅವಳು ತಾನಾಗಿ ಅತ್ತೆಗೆ ಫೋನ್ ಮಾಡಿರಲಿಲ್ಲ.

ಹುಲ್ಲು ಕತ್ತರಿಸುವ ಯಂತ್ರ ಎರಡನೆಯ ಜಾತಿಗೆ ಸೇರಿದ್ದರಿಂದ ಅದರ ಮೇಲೆ ಅವಳ ಕಣ್ಣು ಬಿದ್ದಿರಲಿಲ್ಲ. ಬಾಡಿಗೆ ಮನೆಯ ಶೆಡ್ಡಿನಲ್ಲಿ ಹಿಂದಿನವರು ಬಿಟ್ಟುಹೋದ ಮುದಿ ಯಂತ್ರ ಅದು. ಚಾಲೂ ಮಾಡಿದರೆ ಚಳಿಜ್ವರ ಬಂದ ರಾಕ್ಷಸನಂತೆ ಗಡಗಡ ನಡುಗುತ್ತಿತ್ತು. ಅಡಿಯಲ್ಲಿ ಬ್ಲೇಡು ಸಡಿಲಾಗಿ ಲಟಲಟ ಎನ್ನುತ್ತಿತ್ತು. ಅದನ್ನು ಹಿಡಿದಿಟ್ಟ ಬೋಲ್ಟು ತುಕ್ಕಿನ ಗಡ್ಡೆಯಾಗಿತ್ತು. ಇತ್ತ ಹಿತ್ತಲಿನ ಹುಲ್ಲು ಮೊಣಕಾಲು ಮುಟ್ಟಿತ್ತು.

"ರೀ, ಮೆಕ್ಯಾನಿಕ್‌ನ ಕರೆಸೋಣ."

"ಮೆಕ್ಯಾನಿಕ್ಕಾ? ನಾನಿನ್ನೂ ಬದುಕಿದೀನಿ! ಒಂದು ಬೋಲ್ಟು ಬಿಚ್ಚಿ ಇನ್ನೊಂದು ಬೋಲ್ಟು ಹಾಕೋಕೆ ಹೊರಗಿನವರ್ಯಾಕೆ? ಊಟದ ಹೊತ್ತಿಗೆ ಹಿತ್ತಲು ಅಂಗೈ ಥರ ಆಗಿರತ್ತೆ, ನೋಡ್ತಿರು!"

ರಜೆಯ ದಿನ ಬೆಳಿಗ್ಗೆಯೇ ಯುದ್ಧಕ್ಕೆ ನಾಂದಿಯಾಯಿತು. ಯಂತ್ರವನ್ನು ಯಾವ ಮಗ್ಗುಲಿಗೆ ಮಲಗಿಸಬಾರದೋ ಸರಿಯಾಗಿ ಅದೇ ಮಗ್ಗುಲಿಗೆ ಮಲಗಿಸಿದ. ಹೊಟ್ಟೆಯಲ್ಲಿದ್ದ ಎಣ್ಣೆಯನ್ನೆಲ್ಲ ಅದು ಅವನ ಪ್ಯಾಂಟಿನ ಮೇಲೆ ಕಕ್ಕಿತು. ಬ್ಲೇಡು ತಿರುಗದಂತೆ ಮರದ ತುಂಡೊಂದನ್ನು ಸಿಕ್ಕಿಸಿ, ಸ್ಪ್ಯಾನರ್ ಹಾಕಿ, ಹಲ್ಲು ಕಚ್ಚಿ ಎಳೆದ. ಬೋಲ್ಟು ಜಪ್ಪಯ್ಯ ಅನ್ನಲಿಲ್ಲ. ಸೀಮೆಎಣ್ಣೆ ಕುಡಿಸಿದ, ಸುತ್ತಿಗೆಯಿಂದ ತಟ್ಟಿದ, ಕೊನೆಗೆ ಕೈಮುಗಿಯುವುದೊಂದು ಬಾಕಿ.

"ಬಿಗಿ ಮಾಡ್ತಿದೀರೋ ಸಡಿಲ ಮಾಡ್ತಿದೀರೋ?" ಎಂದಳು ಅವಳು ಮೆಟ್ಟಿಲಿನಿಂದ.

"ಸುಮ್ನಿರು. ಇದೆಲ್ಲ ನಿನಗೆ ಅರ್ಥ ಆಗಲ್ಲ," ಎಂದ ಗಂಡ. ಒಂದು ಗಳಿಗೆ ಬಿಟ್ಟು, ಅವಳು ನೋಡುತ್ತಿಲ್ಲ ಎಂದುಕೊಂಡು, ಸ್ಪ್ಯಾನರನ್ನು ಇನ್ನೊಂದು ದಿಕ್ಕಿಗೆ ತಿರುಗಿಸಿದ. ನೆಲ ಒರೆಸುವ ಕೋಲಿನ ಕೊಳವೆ ಕಿತ್ತು ಸ್ಪ್ಯಾನರಿನ ಹಿಡಿಗೆ ತೊಡಿಸಿ ಜಗ್ಗಿದ. ಟಕ್! ಬೋಲ್ಟು ಅತ್ತ, ಗಂಡ ಇತ್ತ!

ಬಿಚ್ಚಿದ್ದನ್ನೆಲ್ಲ ಅವಳು ಹಳೆಯ ಪೇಪರಿನ ಮೇಲೆ ಸಾಲಾಗಿ ಜೋಡಿಸಿದಳು. ಒಂದು ಬೋಲ್ಟು, ನಡುವೆ ತೂತಿರುವ ಎರಡು ವಾಷರು. ಒಂದು ಚಪ್ಪಟೆ, ಇನ್ನೊಂದು ತಟ್ಟೆಯಂತೆ ತುಸು ಬಾಗಿದ್ದು, ಕೋಟಿನ ಗುಂಡಿಯಷ್ಟು ಅಗಲದ್ದು. ಮೊದಲ ಜಾತಿ!

"ಇದರ ಮೇಲೆ ಕಣ್ಣಿಟ್ಟಿರಿ. ಪುಟ್ಟಿ ಇಲ್ಲೇ ಓಡಾಡ್ತಿದಾಳೆ."

"ಆಯ್ತು ಭಯಲಕ್ಷ್ಮೀ, ನೀನು ಹೋಗು."

ಕುಕ್ಕರ್ ಇಳಿಸಿ ಅವಳು ಬರುವಷ್ಟರಲ್ಲಿ ಗಂಡ ಕೈ ಒರೆಸಿಕೊಳ್ಳುತ್ತ ದಿಗ್ವಿಜಯಿಯಂತೆ ನಿಂತಿದ್ದ. ಹೊಸ ಬೋಲ್ಟು ಮಿರಮಿರ ಮಿಂಚುತ್ತಿತ್ತು. ಅವಳು ಬಗ್ಗಿ ನೋಡಿದಳು. ಬೋಲ್ಟಿನ ಕೆಳಗೆ ಚಪ್ಪಟೆ ವಾಷರ್ ಒಂದೇ ಇತ್ತು. ಪೇಪರ್ ಖಾಲಿ.

"ಇನ್ನೊಂದು ಎಲ್ರೀ?"

"ಇನ್ನೊಂದಾ? ಒಂದೇ ಇದ್ದಿದ್ದು."

"ಎರಡಿತ್ತು! ನಾನೇ ಇಟ್ಟಿದ್ದು."

"ಹಾಗಾದ್ರೆ... ಎಲ್ಲೋ ಉರುಳಿರ್ಬೇಕು."

ಅಷ್ಟರಲ್ಲಿ ಮೆಟ್ಟಿಲ ಪಕ್ಕದಿಂದ ಪುಟ್ಟಿ ತಿರುಗಿ ನಕ್ಕಳು. ತುಟಿ, ಗಲ್ಲ, ಮೂಗಿನ ತುದಿ, ಎಲ್ಲ ಕಪ್ಪು ಗ್ರೀಸು!

ಅವಳು ಹಾಕಿದ ಕೂಗಿಗೆ ಪಕ್ಕದ ಮನೆಯ ನಾಯಿ ಮಂಚದಡಿ ಸೇರಿತಂತೆ. ಮಗುವಿನ ಬಾಯಿಗೆ ಬೆರಳು ಹಾಕಿದಳು. ಸಿಕ್ಕಿದ್ದು ಯಂತ್ರ ಒರೆಸಿದ ಎಣ್ಣೆಬಟ್ಟೆಯ ಎರಡು ಎಳೆ ಮಾತ್ರ.

"ಬಟ್ಟೆ ಚೀಪಿದಾಳೆ ಅಷ್ಟೇ ಕಣೇ," ಎಂದ ಗಂಡ. "ಬೇಕಾದ್ರೆ ಅಮ್ಮನ್ನ ಒಂದು ಮಾತು ಕೇಳು."

"ನಿಮ್ಮಮ್ಮನ್ನಾ? ಜನ್ಮ ಇರೋವರೆಗೂ ಆಡಿಕೊಳ್ಳೋಕೆ ನಾನೇ ಸರಕು ಒದಗಿಸಲಾ? ಹೊರಡಿ ಆಸ್ಪತ್ರೆಗೆ!"

ಗಂಡ ಬಾಯಿ ತೆರೆದ. ಮತ್ತೆ ಮುಚ್ಚಿದ. ಎಂದೂ ಎದುರಾಡದೆ ಬಿಡದವನು ಆ ದಿನ ತುಟಿಪಿಟಕ್ಕೆನ್ನದೆ ಕಾರು ಓಡಿಸಿದ. ಪಾಪ, ಎಷ್ಟಾದರೂ ಅಪ್ಪನ ಕರುಳು, ಎಂದು ಅವಳು ಅಳುವಿನ ನಡುವೆಯೂ ಕರಗಿದಳು.

ಆಸ್ಪತ್ರೆಯಲ್ಲಿ ಪುಟ್ಟಿ ಅಪ್ಪನ ಕೊರಳು ಬಿಡಲೊಲ್ಲಳು. ಎಕ್ಸರೇ ಕೋಣೆಯಲ್ಲಿ ಅವಳ ಅಂಗಿ ಬಿಚ್ಚಿ, ತಣ್ಣನೆಯ ಮೇಜಿನ ಮೇಲೆ ಮಲಗಿಸಿ, ಅಪ್ಪನೇ ಬಗ್ಗಿ ಭುಜ ಹಿಡಿಯಬೇಕಾಯಿತು. ಬಾಗಿಲಾಚೆ ನಿಂತವಳಿಗೆ ಮಗಳ ಚೀರಾಟ ಒಂದೇ ಕೇಳಿಸುತ್ತಿತ್ತು.

ಅವಳನ್ನು ಒಳಗೆ ಕರೆದು ಡಾಕ್ಟರಮ್ಮ ಪರದೆಯತ್ತ ಬೆರಳು ತೋರಿಸಿದರು. ಸಣ್ಣ ಪಕ್ಕೆಲುಬುಗಳ ಕೆಳಗೆ, ಹೊಟ್ಟೆಯ ನಟ್ಟನಡುವೆ, ಬೆಳ್ಳಗೆ ದುಂಡಗೆ ಒಂದು ಬಳೆ!

ವಿಚಿತ್ರ ಎಂದರೆ ಅವಳು ಅಳಲಿಲ್ಲ. ಇಷ್ಟು ಕಾಲ ಹೆದರಿದ್ದು ಕೊನೆಗೂ ಬಂದು ನಿಂತಿತ್ತು. ಕೂಗಿದವನು ಗಂಡ.

"ಸಾಧ್ಯವೇ ಇಲ್ಲ!"

"ಯಾಕೆ ಸಾಧ್ಯ ಇಲ್ಲ?" ಎಂದರು ಡಾಕ್ಟರಮ್ಮ.

"ಯಾಕಂದ್ರೆ ಅದು ನನ್ನ ಜೇಬಲ್ಲಿದೆ!"

ಗಂಡ ಅಂಗಿಯ ಜೇಬಿಗೆ ಕೈ ಹಾಕಿದ. ಇನ್ನಷ್ಟು ಆಳಕ್ಕೆ ಹಾಕಿದ. ಜೇಬನ್ನೇ ತಿರುವಿ ಹೊರಗೆಳೆದ. ಖಾಲಿ!

"ಎತ್ಕೊಂಡಿದ್ನಲ್ಲ... ಜೇಬಿಂದ ತಗೊಂಡುಬಿಟ್ಲಾ? ನನ್ನ ಎದೆ ಮೇಲೇ ಇದ್ಕೊಂಡು ನುಂಗಿಬಿಟ್ಲಾ?" ಎನ್ನುತ್ತ ಗೋಡೆಗೊರಗಿ ಕುಸಿದ.

ಡಾಕ್ಟರಮ್ಮ ಮಗುವನ್ನು ಮೇಜಿನಿಂದ ಎತ್ತಿ ಬೆನ್ನು ತಿರುಗಿಸಿದರು. ಬೆವೆತ ಎಳೆಯ ಬೆನ್ನಿಗೆ, ಹಣೆಗಿಟ್ಟ ಬೊಟ್ಟಿನಂತೆ, ವಾಷರ್ ಅಂಟಿಕೊಂಡಿತ್ತು. ಮಲಗಿಸಲು ಅವನು ಬಗ್ಗಿದಾಗ ಜೇಬಿನಿಂದ ಜಾರಿ ಮಗುವಿನಡಿ ಸೇರಿತ್ತು. ಈಗ ಕಳಚಿ ನೆಲಕ್ಕೆ ಬಿತ್ತು. ಟಣ್!

"ಮಗು ಏನೂ ನುಂಗಿಲ್ಲ," ಎಂದರು ಡಾಕ್ಟರಮ್ಮ. "ನುಂಗಿಕೊಂಡಿದ್ದವರು ನೀವು. ಇಂಥದ್ದಕ್ಕೆ ನಮ್ಮಲ್ಲಿ ಔಷಧಿ ಇಲ್ಲ."

ಹೊರಗಿನ ಬೆಂಚಿನ ಮೇಲೆ ಅವಳು ಮಗಳಿಗೆ ಅಂಗಿ ತೊಡಿಸಿದಳು.

"ಯಾಕೆ ಹೇಳ್ಲಿಲ್ಲ?"

"ಎಲ್ಲಾ ಬಿಗಿ ಮಾಡಿ ನೋಡ್ತೀನಿ, ಅದೊಂದು ಉಳಿದುಬಿಟ್ಟಿದೆ. ಮತ್ತೆ ಬಿಚ್ಚೋಕೆ ಮನಸ್ಸಾಗ್ಲಿಲ್ಲ. ಹೇಳಿದ್ರೆ ನೀನು ನಗ್ತಿದ್ದೆ."

"ನಗ್ತಿದ್ದೆ. ಬಿದ್ದು ಬಿದ್ದು ನಗ್ತಿದ್ದೆ. ಅಷ್ಟೇ ತಾನೆ?"

"ಅಷ್ಟೇ."

"ಅಷ್ಟಕ್ಕೆ ಮಗೂನ ಆ ಮೇಜಿನ ಮೇಲೆ ಮಲಗಿಸಿದ್ರಿ. ನಾನು ದಾರಿಯುದ್ದಕ್ಕೂ ಅಳ್ತಿದ್ದೆ, ನೀವು ಗೇರ್ ಬದಲಾಯಿಸ್ತಾ ಕೂತಿದ್ರಿ."

"ಎಕ್ಸರೇಲಿ ಏನೂ ಇಲ್ಲ ಅಂತ ಬರತ್ತೆ, ನಿನಗೂ ಸಮಾಧಾನ ಆಗತ್ತೆ ಅಂದ್ಕೊಂಡೆ."

ಆ ಸಮಾಧಾನವನ್ನು ಎಲ್ಲಿಡುವುದೋ ಅವಳಿಗೆ ತಿಳಿಯಲಿಲ್ಲ. ನಾಳೆ ಬ್ಲೇಡು ಬಿಗಿಯಾಗಿದೆ ಎನ್ನುತ್ತಾನೆ. ನಾಡಿದ್ದು ಗ್ಯಾಸ್ ಆಫ್ ಮಾಡಿದೀನಿ, ಗೇಟು ಹಾಕಿದೀನಿ ಎನ್ನುತ್ತಾನೆ. ಇನ್ನು ಮೇಲೆ ಯಾವುದನ್ನು ಎರಡನೇ ಸಲ ನೋಡದೆ ಬಿಡಲಿ?

ಗಂಡ ಹತ್ತಿರ ಬಂದು ದನಿ ತಗ್ಗಿಸಿದ. "ಇದೊಂದು ಅಮ್ಮನಿಗೆ ಮಾತ್ರ ಹೇಳ್ಬೇಡ ಕಣೇ. ನನ್ನ ಮರ್ಯಾದೆ ಹೋಗತ್ತೆ."

ಅವಳು ಪುಟ್ಟಿಯನ್ನು ಅವನ ಕೈಗೆ ಕೊಟ್ಟು ಫೋನ್ ತೆಗೆದಳು.

"ಹಲೋ, ಅತ್ತೆ?"

"ನೀನಾ! ಏನಾಯ್ತಮ್ಮ? ಮಗು ಹುಷಾರಾಗಿದೆ ತಾನೆ?"

ಹುಲ್ಲಿನಿಂದ ಹಿಡಿದು ಎಕ್ಸರೇವರೆಗೆ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ, ಮಗನ ಪರವಾಗಿ ಬರಲಿರುವ ಬೈಗುಳಕ್ಕೆ ಕಿವಿ ಗಟ್ಟಿ ಮಾಡಿಕೊಂಡಳು.

"ಯಾವ ಜೇಬು?" ಎಂದರು ಅತ್ತೆ. "ಅಂಗೀದಾ?"

"ಹೂಂ ಅತ್ತೆ."

"ಅವರಪ್ಪಂದು ಪ್ಯಾಂಟಿನ ಜೇಬು. ಮನೇಲಿ ಏನೇ ರಿಪೇರಿ ಆಗ್ಲಿ, ಜೇಬು ತಡಕದೆ ನಾನು ಒಂದಿನ ಬಟ್ಟೆ ನೆನೆಸಿಲ್ಲ. ಅಲ್ಲಮ್ಮ, ಮನೆ ತುಂಬ ಹೆದರ್ತೀಯ, ಮೂಲೆ ಮೂಲೆ ಹುಡುಕ್ತೀಯ. ಇಷ್ಟು ವರ್ಷ ಸಂಸಾರ ಮಾಡಿ, ಹೆದರಬೇಕಾದ ಜಾಗ ಯಾವ್ದು ಅಂತ ನಿನಗಿನ್ನೂ ಗೊತ್ತಾಗ್ಲಿಲ್ವಾ?"