ಬೆರಳೆಣಿಕೆ ಅರಿಯದ ಗೆರೆರಾಯರಿಗೆ

ಕಂಪ್ಯೂಟರಿನ ಪರದೆಯ ಮೇಲೆ ಒಂದೇ ಗೆರೆಯ ಅಲೆಯಾಗಿ ಏರಿಳಿಯುತ್ತ, ತಾಳದ ವೇಗಕ್ಕೆ ತಕ್ಕಂತೆ ಶ್ರುತಿಯ ನಾದವನ್ನು ಉಬ್ಬಿಸಿ ಇಳಿಸುವ ತಂತ್ರಾಂಶವಾದ ಶ್ರೀಮಾನ್ ಗೆರೆರಾಯರ ಸನ್ನಿಧಿಗೆ ಮುಂಬಯಿ ಮಾಟುಂಗದ ಶಾಮಲಾ ಮಾಡುವ ಅನಂತ ವಂದನೆಗಳು.

ಮಾನ್ಯರೇ,

ಇಂಜಿನಿಯರಿಂಗ್ ತರಗತಿಯಲ್ಲಿ ಮೂರು ವರ್ಷಗಳಿಂದ ಮೊದಲ ಸ್ಥಾನವನ್ನು ಯಾರಿಗೂ ಬಿಟ್ಟುಕೊಡದ ನಾನು ದೂರು ಬರೆಯುತ್ತಿರುವುದು ಇದೇ ಮೊದಲು. ಇದರಲ್ಲಿಯೂ ಪೂರ್ಣ ಅಂಕಗಳನ್ನೇ ನಿರೀಕ್ಷಿಸುತ್ತೇನೆ.

ಫೋರ್ಟಿನ ಸ್ಟುಡಿಯೋದಿಂದ ತಮ್ಮನ್ನು ಕಂಪ್ಯೂಟರಿನ ಸಮೇತ ಎರವಲು ಪಡೆದು, ಲೋಕಲ್ ರೈಲಿನ ನೂಕುನುಗ್ಗಲು ತಮ್ಮ ಘನತೆಗೆ ತಕ್ಕುದಲ್ಲವೆಂದು ಟ್ಯಾಕ್ಸಿಯಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದವಳು ನಾನು. ನಮ್ಮ ಸಂಘದ ಸಂಗೀತ ಕಾರ್ಯದರ್ಶಿ ಸ್ಥಾನಕ್ಕೆ ನಾನೂ ಹಾರ್ಮೋನಿಯಂ ಹಿರಿಯಣ್ಣನವರೂ ನಿಂತಿದ್ದು, ವಾರ್ಷಿಕೋತ್ಸವದ ಕಚೇರಿ ಮುಗಿದೊಡನೆ ಸದಸ್ಯರು ಕೈಯೆತ್ತಿ ಆರಿಸುವವರಿದ್ದರೆಂಬುದು ತಮಗೆ ತಿಳಿದೇ ಇತ್ತು. ಗುರುಗಳಾದ ನೀಲಾವತಿಯಮ್ಮನವರು ಹಾಡುವಾಗ ತಾವು ಅವರ ತಾಳವನ್ನು ಮೈಕಿನಲ್ಲಿ ಆಲಿಸಿ, ಎಣಿಕೆಗೊಂದು ಅಲೆಯಂತೆ ಶ್ರುತಿಯನ್ನು ಉಬ್ಬಿಸುವಿರೆಂದೂ, ಆದ್ದರಿಂದ ಮೃದಂಗದವರು ಸಭಿಕರ ಸಾಲಿನಲ್ಲಿ ವಿಶ್ರಮಿಸಬಹುದೆಂದೂ ನಾನೇ ಘೋಷಿಸಿದೆ. "ಇದಕ್ಕೆ ತಾಳ ಗೊತ್ತೇನೇ, ಶಾಮಲಾ?" ಎಂದು ಗುರುಗಳು ವಿಚಾರಿಸಿದಾಗ, "ನನಗೆ ಗೊತ್ತಲ್ಲಮ್ಮ" ಎಂದುಬಿಟ್ಟೆ.

ಆದಿತಾಳದ ಎಂಟು ಎಣಿಕೆಗಳಲ್ಲಿ ಕೈ ತೊಡೆಗೆ ಬಡಿಯುವುದು ಮೂರೇ ಸಲ. ಉಳಿದ ಐದು ಬೆರಳೆಣಿಸುವುದರಲ್ಲಿ, ಅಂಗೈ ಮಗುಚುವುದರಲ್ಲಿ ಸದ್ದಿಲ್ಲದೆ ಕಳೆಯುತ್ತವೆ. ತಾವಾದರೋ ಕೇಳಿಸಿದ ಮೂರನ್ನೇ ಪರಮಸತ್ಯವೆಂದು ನಂಬಿ, ಒಂದು ದೀರ್ಘ ಆಕಳಿಕೆ, ಬೆನ್ನಿಗೇ ಎರಡು ಬಿಕ್ಕಳಿಕೆ ಎಂಬ ಕ್ರಮವನ್ನು ಆವರ್ತಕ್ಕೆ ಆವರ್ತ ತಪ್ಪದೆ ಪಾಲಿಸಿದಿರಿ. ಮೊದಲ ಸಾಲಿನಿಂದ ಹಿರಿಯಣ್ಣನವರು "ಪಾಪ, ಅದಕ್ಕೊಂದು ಲೋಟ ಜೀರಿಗೆ ನೀರು ಕೊಡಮ್ಮ" ಎಂದರು. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಇನ್ನೂರು ಜನರ ಆ ಚಪ್ಪಾಳೆಯನ್ನೂ ತಾಳವೆಂದೇ ಗೌರವಿಸಿದ ತಾವು, ಮಿಕ್ಸಿಯೊಳಗೆ ತೆಂಗಿನ ಚಿಪ್ಪು ಬಿದ್ದಂತೆ ಗಡಗಡಿಸತೊಡಗಿದಿರಿ. ಗಡಗಡಿಸಿದಷ್ಟೂ ನಗು, ನಕ್ಕಷ್ಟೂ ಚಪ್ಪಾಳೆ. ಕೊನೆಗೆ ಗುರುಗಳು ಮೈಕನ್ನು ಸೆರಗಿನಲ್ಲಿ ಸುತ್ತಿಟ್ಟು, ಮೃದಂಗದವರನ್ನು ಕಣ್ಣಿನಲ್ಲೇ ಕರೆಯಬೇಕಾಯಿತು.

ಆದರೂ ತಮ್ಮ ದೊಡ್ಡತನವನ್ನು ಕೊಂಡಾಡದೆ ಇರಲಾರೆ. ಸಂಘದಲ್ಲಿ ಚಪ್ಪಾಳೆಗೆ ಇಷ್ಟು ಬೇಗ ಉಬ್ಬುವವರು ಅಧ್ಯಕ್ಷರನ್ನು ಬಿಟ್ಟರೆ ತಾವೊಬ್ಬರೇ. ಮೇಲಾಗಿ, ಮನೆಯಲ್ಲಿ ತಮ್ಮನ್ನು ಪರೀಕ್ಷಿಸಿದಾಗ ನಾನು ಎಂಟಕ್ಕೆ ಎಂಟೂ ಎಣಿಕೆಗಳನ್ನು ಊಟದ ಮೇಜಿಗೆ ಬಡಿದೇ ಹಾಕಿದ್ದೆನೆಂಬ, ಕಾಲೇಜು ಸೇರಿದಂದಿನಿಂದ ಗುರುಗಳ ಪಾಠಕ್ಕೇ ಹೋಗಿರಲಿಲ್ಲವೆಂಬ ಕ್ಷುಲ್ಲಕ ಸಂಗತಿಗಳನ್ನು ತಾವು ಈವರೆಗೆ ಯಾರೆದುರೂ ಬಾಯಿಬಿಟ್ಟಿಲ್ಲ.

ಆದಕಾರಣ ತಾವು ದಯಮಾಡಿ ಐದು ಬೆರಳುಗಳನ್ನು ಶೀಘ್ರದಲ್ಲಿ ಬೆಳೆಸಿಕೊಳ್ಳಬೇಕಾಗಿಯೂ, ಸದ್ದಿಲ್ಲದುದನ್ನು ಕೇಳಿಸಿಕೊಳ್ಳುವ ಅಭ್ಯಾಸ ಮಾಡಬೇಕಾಗಿಯೂ, ಸಾಧ್ಯವಾದರೆ ಆ ಸಂಜೆಯನ್ನು ಮೊದಲ ಎಣಿಕೆಯಿಂದ ಇನ್ನೊಮ್ಮೆ ನಡೆಸಿಕೊಡಬೇಕಾಗಿಯೂ ಪ್ರಾರ್ಥನೆ.

ಇನ್ನೂ ಲಯ ತಪ್ಪದ
ತಮ್ಮ ವಿಶ್ವಾಸಿ,
ಶಾಮಲಾ ರಾಮಸ್ವಾಮಿ

ಮರೆತ ಮಾತು: ಹಿರಿಯಣ್ಣನವರೇ ಕಾರ್ಯದರ್ಶಿಗಳಾದರು. ಕೈಗಳು ಸದ್ದಿಲ್ಲದೆ ಎದ್ದದ್ದರಿಂದ ತಮಗೆ ಎಣಿಸಲಾಗಲಿಲ್ಲ, ನಾನು ಎಣಿಸಿದೆ. ನನ್ನ ಪರವಾಗಿ ಎರಡು: ಒಂದು ನನ್ನದು, ಇನ್ನೊಂದು ಗುರುಗಳದು. ಬರುವ ಶನಿವಾರದಿಂದ ತಮ್ಮನ್ನು ತಾಳ ಕಲಿಯುವ ಪುಟ್ಟ ಮಕ್ಕಳ ಚಾಪೆಯ ಮೇಲೆ ಕೂರಿಸಲು ಅವರು ಒಪ್ಪಿದ್ದಾರೆ. ಪಕ್ಕದ ಜಾಗ ನನಗಂತೆ. ಆ ತರಗತಿಯಲ್ಲಿಯೂ ಮೊದಲ ಸ್ಥಾನ ನನ್ನದೇ ಆಗಿರುತ್ತದೆಂಬುದನ್ನು ಈಗಲೇ ತಿಳಿಸಿರುತ್ತೇನೆ.