ಕೋಟು ತೊಟ್ಟ ಉಗ್ರಪ್ರಾಣಿಯ ಪರವಾಗಿ ಒಂದು ಅಹವಾಲು

ನಗರಾಡಳಿತದ ಉಗ್ರ ತಳಿ ನಾಯಿಗಳ ನಿಯಂತ್ರಣಾಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ಟೇಪು ಹಿಡಿದು ಬದುಕುವ ಒಬ್ಬ ದರ್ಜಿಯು, ಟೇಪು ಹಿಡಿದು ನಗರವನ್ನು ಕಾಯುವ ತಮಗೆ ಮಾಡುವ ಅನಂತ ನಮಸ್ಕಾರಗಳು. ಎರಡು ವಾರದ ಹಿಂದೆ ನನ್ನ ಅಂಗಡಿಯ ಕಟಿಂಗ್ ಮೇಜಿನಿಂದ ಇಳಿಯುವಾಗ ತಮ್ಮ ಮೊಣಕಾಲಿಗಾದ ತರಚುಗಾಯ ಈಗ ಒಣಗಿರಬಹುದೆಂದು ನಂಬಿದ್ದೇನೆ. ಇಳಿದ ಮೇಲೆ ತಾವು ಸೊಂಟ ಸಡಿಲಿಸಲೆಂದು ಕೊಟ್ಟುಹೋದ ಪ್ಯಾಂಟಿನ ವಿಷಯ ಕೊನೆಗೆ ಬರೆಯುತ್ತೇನೆ. ಮೊದಲಿಗೆ, ತಮ್ಮನ್ನು ಮೇಜು ಹತ್ತಿಸಿದ ಪ್ರಾಣಿಯ ವಿಷಯ. ಇದನ್ನು ಬಹಿರಂಗವಾಗಿ ಬರೆಯುತ್ತಿರುವುದೇಕೆಂದರೆ, ಖಾಸಗಿಯಾಗಿ ಬರೆದ ಎರಡು ಪತ್ರಗಳನ್ನು ತಮ್ಮ ಕಚೇರಿಯ ಕುರ್ಚಿ ಅಲುಗದಂತೆ ಅದರ ಕಾಲಡಿ ಮಡಿಸಿಟ್ಟದ್ದನ್ನು ಕಣ್ಣಾರೆ ಕಂಡು ಬಂದಿದ್ದೇನೆ.

ನನ್ನ ನಾಯಿ ಚಿಂದಿ ಮೂರು ವರ್ಷದ ಕೆಳಗೆ ಬಟ್ಟೆ ಚೂರಿನ ಬುಟ್ಟಿಯಲ್ಲಿ ಮಲಗಿದ್ದಾಗ ಸಿಕ್ಕಿದ್ದು. ಅದರ ತಳಿ ಯಾವುದೆಂದು ನನಗೂ ಗೊತ್ತಿಲ್ಲ, ಅದಕ್ಕೂ ಗೊತ್ತಿಲ್ಲ. ತಾವು ಮಾತ್ರ ಮೇಜಿನ ಮೇಲಿಂದಲೇ ಎರಡು ನಿಮಿಷದಲ್ಲಿ ಪತ್ತೆಹಚ್ಚಿದ ಪರಿಗೆ ತಲೆದೂಗಲೇಬೇಕು. ಇಸ್ತ್ರಿಪೆಟ್ಟಿಗೆ ಬುಸ್ಸೆಂದರೆ ನನ್ನ ಕಾಲಸಂದಿಗೆ ನುಗ್ಗುವ ಈ ಪುಕ್ಕಲು ಜೀವ, ಅಂದು ತಮ್ಮ ಬೂಟಿನ ಸದ್ದಿಗೆ ಬೆಚ್ಚಿ ಹೊಲಿಗೆ ಮೆಷಿನ್ನಿನ ಕೆಳಗೆ ಅಡಗಿದ್ದನ್ನು ತಾವು ನಮೂನೆಯಲ್ಲಿ 'ಹೊಂಚು ಹಾಕಿತು' ಎಂದು ತುಂಬಿದಿರಿ. ಆಕಳಿಸಿದ್ದು 'ಹಲ್ಲು ತೋರಿಸಿ ಬೆದರಿಸಿತು' ಎಂದಾಯಿತು. ಆಮೇಲೆ ಬೇಸರ ಬಂದು ನಿದ್ದೆಹೋದದ್ದಕ್ಕೆ 'ನಟನೆಯಲ್ಲಿ ನಿಪುಣ' ಎಂಬ ಷರಾ ಬಿತ್ತು.

ಎದೆಯ ಸುತ್ತಳತೆ ಮೂವತ್ತು ಇಂಚು ಮೀರಿ ಭುಜ ಅಗಲವಾಗಿದ್ದರೆ ಆ ನಾಯಿ ಉಗ್ರ ತಳಿ ಎನ್ನುತ್ತದೆ ತಮ್ಮ ಕಾಯಿದೆ. ಚಿಂದಿ ನಿದ್ದೆಹೋದ ಮೇಲೆ ಮೇಜಿನಿಂದಿಳಿದು ತಾವು ಸುತ್ತಿದ ಟೇಪು ಮೂವತ್ತೆರಡು ತೋರಿಸಿತು. ಇಲ್ಲಿ ತಪ್ಪು ನನ್ನದೇ, ಒಪ್ಪಿಕೊಳ್ಳುತ್ತೇನೆ. ಚಳಿಗೆಂದು ಅದಕ್ಕೊಂದು ಕೋಟು ಹೊಲಿದಿದ್ದೆ; ಯಾರೋ ಮದುಮಗನ ಸೂಟಿನಲ್ಲಿ ಉಳಿದ ಬಟ್ಟೆ, ಎರಡು ಪದರ ಅಸ್ತರು, ನಡುವೆ ಹತ್ತಿ. ಅಷ್ಟಕ್ಕೇ ಬಿಡಬಹುದಿತ್ತು, ಆದರೆ ಸೊರಗಿದ ಮದುಮಕ್ಕಳನ್ನೆಲ್ಲ ಇಪ್ಪತ್ತೈದು ವರ್ಷ ಪೈಲ್ವಾನರಂತೆ ಕಾಣಿಸಿದ ಕೈ ಸುಮ್ಮನಿರದೆ ಭುಜಕ್ಕೆ ಪ್ಯಾಡೂ ಇಟ್ಟುಬಿಟ್ಟಿತು. ಕೋಟು ಬಿಚ್ಚಿದರೆ ಚಿಂದಿ ಬರೀ ಇಪ್ಪತ್ತಮೂರು ಇಂಚು. 'ಕೋಟು ತೆಗೆದು ಅಳೀರಿ ಸ್ವಾಮಿ' ಎಂದು ನಾನು ಗೋಗರೆದಾಗ ತಾವು 'ಇದ್ದದ್ದನ್ನ ಇದ್ದ ಹಾಗೆ ಅಳೆಯೋದಷ್ಟೇ ನನ್ ಕೆಲಸ' ಎಂದಿರಿ. ಇಂಥ ಕರ್ತವ್ಯನಿಷ್ಠೆ ನನಗೂ ಇದ್ದಿದ್ದರೆ ಈ ಊರಿನಲ್ಲಿ ಒಬ್ಬ ಗಂಡಸಿನ ಪ್ಯಾಂಟೂ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ.

ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಗಾಡಿ ಬಂದು ಚಿಂದಿಯನ್ನು ಊರಾಚೆಯ ದೊಡ್ಡಿಗೆ ಒಯ್ಯುತ್ತದಂತೆ. ಅಲ್ಲಿಗೆ ಹೋದ ನಾಯಿ ವಾಪಸು ಬಂದದ್ದಿಲ್ಲವಂತೆ. ಆದೇಶ ಕೈಸೇರಿದಂದಿನಿಂದ ನನ್ನ ಹೊಲಿಗೆ ನೆಟ್ಟಗೆ ಬೀಳುತ್ತಿಲ್ಲ, ನಿನ್ನೆಯಂತೂ ಒಂದು ಅಂಗಿಗೆ ಎರಡು ಎಡತೋಳು ಕೂರಿಸಿದೆ. 'ನಾಯಿ ಬಂದ್ರೆ ಈ ಮನೇಲಿ ನಾನಿರಲ್ಲ' ಎಂದು ಮೂರು ವರ್ಷದ ಕೆಳಗೆ ಗುಡುಗಿದ್ದ ನನ್ನ ಅತ್ತೆ, ಈಗ ಬಟ್ಟೆಚೀಲ ಕಟ್ಟಿಕೊಂಡು ಹೊಸಿಲ ಬಳಿ ಕೂತು, 'ಅದನ್ನ ಹತ್ತಿಸೋ ಗಾಡಿಗೇ ನನ್ನನ್ನೂ ಹತ್ತಿಸಿ' ಎನ್ನುತ್ತಿದ್ದಾರೆ. ಈ ಸಲಹೆಯನ್ನು ನಾನು ಅರ್ಧ ನಿಮಿಷ ಗಂಭೀರವಾಗಿ ಯೋಚಿಸಿದ್ದು ನಿಜ, ಆದರೆ ನನಗೆ ಇಬ್ಬರೂ ಬೇಕು.

ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಉಗ್ರವಾದದ್ದು ಕೋಟೇ ಹೊರತು ನಾಯಿಯಲ್ಲವಾದ್ದರಿಂದ ದಯಮಾಡಿ ಕೋಟನ್ನು ಬಂಧಿಸಿ. ಸರಪಳಿ, ಮೂತಿಬುಟ್ಟಿ ಸಮೇತ ನಾನೇ ಒಪ್ಪಿಸುತ್ತೇನೆ. ದಿನಕ್ಕೆರಡು ಸಲ ಅಡ್ಡಾಡಿಸಿದರೆ ಸಾಕು, ಊಟ ಕೇಳುವುದಿಲ್ಲ. ಇನ್ನು ಪಕ್ಕದ ಔಷಧಿ ಅಂಗಡಿಯವರ ಉಣ್ಣೆಯುಂಡೆಯಂಥ ಬಿಳಿ ನಾಯಿ ಅಂಚೆಯವರನ್ನು ಎರಡು ಸಲ, ನನ್ನನ್ನು ಮೂರು ಸಲ ಕಚ್ಚಿದ್ದರೂ, ಎದೆ ಹನ್ನೊಂದೇ ಇಂಚಾದ ಕಾರಣ ಕಾಯಿದೆಯ ಕಣ್ಣಿಗೆ ಸಾಧುಪ್ರಾಣಿ. ಅಪ್ಪಣೆಯಾದರೆ ಅದಕ್ಕೂ ಒಂದು ಕೋಟು ಹೊಲಿದು ವಾರದೊಳಗೆ ತಮ್ಮ ಪಟ್ಟಿಗೆ ಸೇರಿಸಿಕೊಡುತ್ತೇನೆ.

ತಮ್ಮ ದೊಡ್ಡ ಮನಸ್ಸನ್ನೂ ಗಟ್ಟಿ ಟೇಪನ್ನೂ ನೆನೆಯುತ್ತಾ,

ತಮ್ಮ ವಿಶ್ವಾಸಿ,
ಮೂಲೆಯಂಗಡಿಯ ದರ್ಜಿ

ಮರೆತ ಮಾತು: ಸೋಮವಾರ ಹನ್ನೊಂದಕ್ಕೆ 'ನಿರ್ಭೀತ ಅಧಿಕಾರಿ' ಪುರಸ್ಕಾರಕ್ಕೆ ತಾವು ತೊಟ್ಟು ಹೋಗಬೇಕಾದ ಆ ಕಪ್ಪು ಪ್ಯಾಂಟು ಸಿದ್ಧವಾಗಿದೆ. ಚಿಂದಿ ಅದರ ಮೇಲೆ ಮಲಗಿದೆ. ಸಾಧುನಾಯಿಯಾಗಿದ್ದರೆ ಕಿವಿ ಹಿಡಿದು ಎಬ್ಬಿಸಬಹುದಿತ್ತು. ಆದರೆ ಉಗ್ರ ತಳಿಯ ವಶದಲ್ಲಿರುವ ವಸ್ತುವನ್ನು ಅಧಿಕಾರಿಗಳ ಹೊರತು ಯಾರೂ ಮುಟ್ಟುವಂತಿಲ್ಲವೆಂದು ತಮ್ಮ ಆದೇಶದಲ್ಲೇ ಇದೆ. ಆದಕಾರಣ ತಾವೇ ಖುದ್ದಾಗಿ ದಯಮಾಡಿಸಬೇಕು. ಬರುವಾಗ ಟೇಪು ಮರೆಯಬೇಡಿ, ಕೋಟು ಬಿಚ್ಚಿಟ್ಟಿದ್ದೇನೆ. ಪತ್ರ ಬಹಿರಂಗವಾದ್ದರಿಂದ ತಮ್ಮ ಸೊಂಟದ ಅಳತೆಯನ್ನು ಇಲ್ಲಿ ಬರೆದಿಲ್ಲ; ಮಂಗಳವಾರ ಇನ್ನೊಂದು ಬಹಿರಂಗ ಪತ್ರ ಬರೆಯುವ ಪ್ರಸಂಗ ನನಗೆ ಬಾರದಿರಲಿ.